ಸಿಡಿಲು ಹೊಡೆದ ಮೇಲೆ ಮೂರು ವೈಫೈ

ಹಳೇ ಲಿನಕ್ಸ್ ಲ್ಯಾಪ್‌ಟಾಪಿನಿಂದ ಮನೆಗೆಲ್ಲ ವೈಫೈ ಹಂಚಲು ಮೂರು ಸಾಧನ ಪರೀಕ್ಷಿಸಿದೆ. ಮೊದಲೇ ಹೇಳಿಬಿಡ್ತೀನಿ, ಗೆದ್ದಿದ್ದು ಎಂಟಿ7612ಯು ಅನ್ನೋ ವೈಫೈ ಚಿಪ್ಪಿನ ಯುಎಸ್‌ಬಿ ಡಾಂಗಲ್. ಎರಡೂವರೆ ಸಾವಿರ ಹೋಯ್ತು, ಹೊಟ್ಟೆ ಉರಿದಿಲ್ಲ.

ನಮ್ಮ ಮನೆ ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ತಲೆಗಿದೆ. ಮೇ ತಿಂಗಳ ಗುಡುಗು ಮಳೆಗೆ ಫೈಬರ್ ಮೋಡೆಮ್ಮಿನ ವೈಫೈ ಸತ್ತಿತು. ನಾಲ್ಕು ಲ್ಯಾನ್ ಪೋರ್ಟಿನಲ್ಲಿ ಒಂದು ಉಳಿಯಿತು. ಹೊಸ ರೂಟರ್ರೇ ಅಗ್ಗ ಆಗ್ತಿತ್ತು ಅಂತ ಮನೆಯಾಕೆ ಈಗಲೂ ಹೇಳ್ತಾಳೆ. ಆದರೆ ಜಗಲಿಯಲ್ಲಿ ಹಗಲು ರಾತ್ರಿ ಓಡುವ ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಇತ್ತಲ್ಲ, ಅದಕ್ಕೆ ಬ್ಯಾಟರಿಯೂ ಉಂಟು. ಮಳೆಗಾಲದ ಕರೆಂಟಿನ ಕಣ್ಣುಮುಚ್ಚಾಲೆಗೆ ಅದಕ್ಕಿಂತ ಬೇಕೇ? ಅದನ್ನೇ ಹಾಟ್‌ಸ್ಪಾಟ್ ಮಾಡಲು ಹೊರಟೆ.

ಮೊದಲ ಸರದಿ ಲ್ಯಾಪ್‌ಟಾಪಿನೊಳಗಿನ ಕಾರ್ಡಿನದ್ದು. 2.4 ಗಿಗಾಹರ್ಟ್ಸ್‌ನಲ್ಲಿ ತಕರಾರಿಲ್ಲದೆ ಎದ್ದಿತು. ಮಗಳ ಕ್ಲಾಸು, ನನ್ನ ಮೀಟಿಂಗು ಒಟ್ಟಿಗೆ ಬಂದಾಗ ಸಾಲಲಿಲ್ಲ ಅಂತ ಹೆಚ್ಚು ವೇಗದ 5 ಗಿಗಾಹರ್ಟ್ಸ್‌ಗೆ ಹಾಕಿದರೆ ಜಪ್ಪಯ್ಯ ಅಂದರೂ ಏಳದು. ಚಾನೆಲ್ ಪಟ್ಟಿ ತೆಗೆದು ನೋಡಿದರೆ 36ರಿಂದ ಮುಂದಿನ ಸಾಲುಗಳ ಪಕ್ಕದಲ್ಲೆಲ್ಲ 'ನೋ ಐಆರ್' ಅಂತ ಬರೆದಿತ್ತು. ಕೇಳಿಸಿಕೊಳ್ಳಬಹುದು, ತಾನಾಗಿ ಮಾತು ಶುರು ಮಾಡುವಂತಿಲ್ಲ ಅಂತ ಅದರರ್ಥ. ಯಾವ ಚಾನೆಲ್ ಬಳಸಬಹುದು ಅನ್ನೋದು ದೇಶದ ನಿಯಮದ ಮೇಲೆ ನಿಂತಿದೆ; ಇಲ್ಲಿ ದೇಶದ ಜಾಗದಲ್ಲಿ ಎರಡು ಸೊನ್ನೆ, ಅಂದರೆ ಯಾವ ದೇಶವೋ ಗೊತ್ತಿಲ್ಲ ಅಂತ. ಭಾರತ ಅಂತ ನಾನು ಆದೇಶ ಕೊಟ್ಟೆ. ಮತ್ತೆ ಸೊನ್ನೆ. ನಾಲ್ಕು ಸಲ ಕೊಟ್ಟೆ, ಸೊನ್ನೆಯೇ.

ಎರಡು ಸಂಜೆ ಇದಕ್ಕೇ ಹೋಯ್ತು. ಕಡೆಗೆ ತಿಳಿದಿದ್ದೇನೆಂದರೆ, ಕಾರ್ಡನ್ನು ನಡೆಸುವ ಲಿನಕ್ಸಿನ ತಂತ್ರಾಂಶ, ಅಂದರೆ ಡ್ರೈವರ್, ಯಾರು ಬೇಕಾದರೂ ನೋಡಬಹುದಾದಷ್ಟು ಮುಕ್ತವಾಗಿದ್ದರೂ ಯಜಮಾನಿಕೆ ಕಾರ್ಡಿನೊಳಗೇ ಓಡುವ ಮುಚ್ಚಿದ ತಂತ್ರಾಂಶದ್ದು, ಅಂದರೆ ಫರ್ಮ್‌ವೇರಿನದ್ದು. ತಾನು ಯಾವ ದೇಶದಲ್ಲಿದ್ದೀನಿ ಅನ್ನೋದನ್ನು ಅದು ನನ್ನನ್ನು ಕೇಳಲ್ಲ. ಸುತ್ತಮುತ್ತಲ ರೂಟರ್‌ಗಳು ಸಾರುವ ದೇಶದ ಗುರುತನ್ನು ಕದ್ದು ಕೇಳಿ ತೀರ್ಮಾನಿಸುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಸರಿ. ನಮ್ಮಲ್ಲಿ ಪಕ್ಕದ ಮನೆ ಕೂಗಳತೆಗೂ ಸಿಗಲ್ಲ. ಇದ್ದ ಒಂದು ರೂಟರ್ ಸಿಡಿಲಿಗೆ ಹೋಗಿದೆ. ಭಾವ ಬಂದ ದಿನ ಅವನ ಫೋನಿನ ಹಾಟ್‌ಸ್ಪಾಟ್ ಪಕ್ಕದಲ್ಲಿಟ್ಟು ಸ್ಕ್ಯಾನ್ ಮಾಡಿದೆ, ಕಾರ್ಡಿಗೆ ಜ್ಞಾನೋದಯವಾಗಿ 5 ಗಿಗಾಹರ್ಟ್ಸ್ ಎದ್ದಿತು! ಭಾವ ಊರಿಗೆ ಹೋದ, ರೀಬೂಟ್ ಆಯ್ತು, ಮತ್ತೆ ಸೊನ್ನೆ. ವೈಫೈ ಬೇಕಾದಾಗೆಲ್ಲ ಭಾವನನ್ನು ಕರೆಸಲಿಕ್ಕಾಗುತ್ತದೆಯೇ? ಲಿನಕ್ಸಿನ ಹೃದಯವಾದ ಕರ್ನೆಲ್ಲಿನ ಹಳೇ ಆವೃತ್ತಿಗಳಲ್ಲಿ ಈ ಹಠ ಬಿಡಿಸುವ ಆಯ್ಕೆಯೊಂದಿತ್ತಂತೆ, ಅದನ್ನೂ ತೆಗೆದಿದ್ದಾರೆ.

ಕಾನೂನು ಅಡ್ಡ ಬಂತೇ ಅಂದರೆ ಅದೂ ಇಲ್ಲ. 2.4 ಗಿಗಾಹರ್ಟ್ಸ್ ನಮ್ಮಲ್ಲಿ 2005ರಿಂದ ಲೈಸೆನ್ಸ್ ಮುಕ್ತ; 5 ಗಿಗಾಹರ್ಟ್ಸ್‌ನ ಬಹುಪಾಲನ್ನು 2018ರ ಅಕ್ಟೋಬರಿನಲ್ಲಿ ಹೊರಾಂಗಣಕ್ಕೂ ಬಿಟ್ಟರು. ಹಾಗಾದರೆ ಮುಚ್ಚಿಡೋದೇಕೆ? ಸೋರ್ಸ್ ಕೋಡ್ ಬಿಟ್ಟುಕೊಟ್ಟರೆ ಜನ ಸಿಗ್ನಲ್ಲಿನ ಪವರ್ ಏರಿಸಿ ಕಾನೂನು ಮುರೀತಾರೆ ಅನ್ನೋದು ಚಿಪ್ ಕಂಪನಿಗಳ ಹಳೇ ರಾಗ. ಅಥೆರೋಸ್ 2008ರಲ್ಲಿ, ಬ್ರಾಡ್‌ಕಾಮ್ 2010ರಲ್ಲಿ ಮುಕ್ತ ಡ್ರೈವರ್ ಕೊಟ್ಟವು, ಆಕಾಶವೇನೂ ಕಳಚಿ ಬೀಳಲಿಲ್ಲ. ಪವರ್ ಏರಿಸಿ ಸಿಗೋದಾದರೂ ಏನು? ನಾನು ಜಗಲಿಯಿಂದ ಎಷ್ಟು ಕೂಗಿದರೂ ತೋಟದಲ್ಲಿರುವ ಫೋನಿನ ಉತ್ತರ ಪಿಸುಮಾತೇ.

ಎರಡನೆಯದು ಶಿವಮೊಗ್ಗದಲ್ಲಿ ತಂದ ಆರುನೂರು ರೂಪಾಯಿ ಡಾಂಗಲ್. ಡ್ರೈವರ್ ಕಂಪನಿಯದ್ದೇ, ತಿರುಳು ಬೈನರಿ (ಬಿಚ್ಚಿ ಓದಲಾಗದ ಕೋಡ್), ಸುತ್ತಲ ಸಿಪ್ಪೆ ಮಾತ್ರ ನಮ್ಮ ಕರ್ನೆಲ್‌ಗೆ ತಕ್ಕಂತೆ ಕಟ್ಟಿಕೊಳ್ಳಬೇಕು. ಮೂರು ವಾರ ಚಿನ್ನದ ಹಾಗೆ ಓಡಿ, ಒಂದು ಕರ್ನೆಲ್ ಅಪ್‌ಡೇಟಿಗೆ ಮಲಗಿತು.

ಮೂರನೆಯದಕ್ಕೆ, ಅಂದರೆ ಗೆದ್ದ ಎಂಟಿ7612ಯು ಡಾಂಗಲ್ಲಿಗೆ, ಡ್ರೈವರ್ ಹುಡುಕುವ ಕೆಲಸವೇ ಬರಲಿಲ್ಲ, ಎಂಟಿ76 ಡ್ರೈವರ್ ಕರ್ನೆಲ್ಲಿನೊಳಗೇ ಇದೆ. ಈ ಯುಎಸ್‌ಬಿ ಚಿಪ್ಪಿಗೆ ಕರ್ನೆಲ್ 4.19ನೇ ಆವೃತ್ತಿಯಿಂದ. ಭಾರತ ಅಂದೆ, ಭಾರತ ಅಂತು. ಚಾನೆಲ್ 36 ಒಂದೇ ಏಟಿಗೆ ಎದ್ದಿತು. ಅಪ್‌ಡೇಟುಗಳು ಬಂದು ಹೋದವು, ಅದು ಮಿಸುಕಿಲ್ಲ. ಇದರ ಫರ್ಮ್‌ವೇರೂ ಮುಚ್ಚಿದ್ದೇ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಮಾತಿಗೆ ಎದುರಾಡಲ್ಲ. ಕೈಯಿಟ್ಟರೆ ಬಿಸಿ ತಾಗುತ್ತೆ ಅಂತ ಒಂದು ಎಕ್ಸ್‌ಟೆನ್ಷನ್ ವಯರಿನಲ್ಲಿ ಕಿಟಕಿಗೆ ನೇತುಹಾಕಿದ್ದೀನಿ. ಅಡಿಕೆ ಸುಲಿಯುವ ಚಪ್ಪರಕ್ಕೆ 5 ಗಿಗಾಹರ್ಟ್ಸ್ ಮುಟ್ಟಲ್ಲ, ನಡುವೆ ಎರಡು ಮಣ್ಣಿನ ಗೋಡೆ. ಅಲ್ಲಿಗೆ ಒಳಗಿನ ಕಾರ್ಡಿನ 2.4 ಸಾಕು, ಮೆಟ್ಟುಗತ್ತಿ ಮುಂದೆ ಕೂತವರಿಗೆ ಹಾಡು ಕೇಳಿಸಿದರಾಯ್ತು.

ಫರ್ಮ್‌ವೇರೂ ಮುಕ್ತವಾಗಿರಬೇಕು ಅನ್ನುವವರಿಗೆ ಎಆರ್9271 ಚಿಪ್ ಇದೆ, ಅದು 2.4ಕ್ಕೆ ಮಾತ್ರ. ವಿಂಡೋಸ್‌ನವರು ಇಷ್ಟೆಲ್ಲ ಓದಬೇಕಿರಲಿಲ್ಲ, ಆರುನೂರರದ್ದೇ ತಗೊಳ್ಳಿ. ನನ್ನದು ಈಗ ಭಾವನ ವಿಂಡೋಸ್ ಡೆಸ್ಕ್‌ಟಾಪಿನಲ್ಲಿ ಕೂತಿದೆ, ಚೆನ್ನಾಗಿದೆ ಅಂತಾನೆ.