ಲೀಸ್ ಕಾರು ವಾಪಸ್ ಕೊಡುವವರೇ, ನನಗೆ ಬಿದ್ದ 805 ಪೌಂಡಿನ ಬರೆ ನೋಡಿ

ಇಂಗ್ಲೆಂಡಿನಲ್ಲಿ ಆಫೀಸಿನ ಮೂಲಕ ಕಾರು ಲೀಸ್‌ಗೆ ತಗೊಂಡವರು, ಅದರಲ್ಲೂ ಅವಧಿ ಮುಗಿಯೋಕೆ ಮೂರ್ನಾಲ್ಕು ತಿಂಗಳು ಉಳಿದಿರುವವರು, ಇದನ್ನು ಈಗಲೇ ಓದಿಬಿಡಿ. ವಾಪಸ್ ಕೊಡುವ ಹಿಂದಿನ ದಿನ ಓದಿದರೆ ಏನೂ ಗಿಟ್ಟುವುದಿಲ್ಲ.

ನಾವಿರುವುದು ರೆಡಿಂಗ್‌ನಲ್ಲಿ. 2021ರ ನವೆಂಬರ್‌ನಲ್ಲಿ ಮೂರು ವರ್ಷದ ಲೀಸ್ ಮೇಲೆ ಎಲೆಕ್ಟ್ರಿಕ್ ಕಾರು ಬಂತು. ಆ ವರ್ಷ ಎಲೆಕ್ಟ್ರಿಕ್ ಕಂಪನಿ ಕಾರಾದರೆ ತೆರಿಗೆ ಹಾಕೋಕೆ ಕಾರಿನ ಬೆಲೆಯ ಶೇ. 1 ಮಾತ್ರ ನಮ್ಮ ಆದಾಯ ಅಂತ ಲೆಕ್ಕಕ್ಕೆ, ಮುಂದಿನ ವರ್ಷದಿಂದ ಶೇ. 2. ಹೆಚ್ಚುಕಮ್ಮಿ ಪುಕ್ಕಟೆ ಸಿಕ್ಕ ಹಾಗೆ. ಆ ಖುಷಿಯಲ್ಲಿ ಎಚ್‌ಆರ್ ಕೊಟ್ಟ ಕಾಗದಗಳಿಗೆಲ್ಲ ಕಣ್ಣುಮುಚ್ಚಿ ಸಹಿ ಹಾಕಿದೆ. ವಾಪಸ್ ಕೊಡುವಾಗ ಡ್ಯಾಮೇಜ್ ಇದ್ದರೆ ಸಂಬಳದಲ್ಲಿ ಹಿಡಿದುಕೊಳ್ಳಬಹುದು ಅನ್ನುವ ಸಾಲು ಅದರಲ್ಲೇ ಇತ್ತು. ಇಲ್ಲಿನ ಕಾನೂನಿನಲ್ಲಿ ಹಾಗೆ ಸಂಬಳ ಮುರಿಯಲು ನಮ್ಮ ಲಿಖಿತ ಒಪ್ಪಿಗೆ ಬೇಕು. ನಾನು ಮೊದಲ ದಿನವೇ ಕೊಟ್ಟಾಗಿತ್ತು.

ವಾಪಸಾತಿಯ ದಿನ ಹೀಗಾಯ್ತು. 2024ರ ನವೆಂಬರ್ ಕೊನೆ, ಮಧ್ಯಾಹ್ನ ಮೂರೂವರೆ, ಜಿಟಿಜಿಟಿ ಮಳೆ. ಆ ತಿಂಗಳಲ್ಲಿ ಇಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಕಾರು ಒಯ್ಯಲು ಬಂದವನು ಸುತ್ತ ಒಂದು ಸುತ್ತು ಹಾಕಿ, ಫೋನಿನಲ್ಲಿ ಹತ್ತು ಫೋಟೋ ಹೊಡೆದು, "ಚೆನ್ನಾಗಿ ಇಟ್ಕೊಂಡಿದೀರಿ" ಅಂದ. ನಾನು ಉಬ್ಬಿಹೋದೆ. ಅವನ ಫೋನಿನ ಗಾಜಿನ ಮೇಲೆ ಬೆರಳಲ್ಲಿ ಸಹಿ ಗೀಚಿದೆ. ಅಂತಿಮ ಪರಿಶೀಲನೆ ಯಾರ್ಡಿನಲ್ಲಿ ನಡೆಯುತ್ತದೆ ಅಂತ ಸಹಿಯ ಮೇಲೇ ಇರುವೆಯಷ್ಟು ಅಕ್ಷರದಲ್ಲಿ ಬರೆದಿತ್ತು.

ಕಾರು ಹೊರಡುವ ಮುಂಚೆ ಒಳಗಿನಿಂದ ನಮ್ಮವಳು, "ರೀ, ಗಣಪನ್ನ ತಗೊಂಡ್ರಾ?" ಅಂತ ಕೂಗಿದಳು. ಡ್ಯಾಶ್‌ಬೋರ್ಡ್ ಮೇಲೆ ಡಬಲ್ ಟೇಪ್ ಹಾಕಿ ಕೂರಿಸಿದ ಪುಟ್ಟ ಗಣಪ. ಗಡಿಬಿಡಿಯಲ್ಲಿ ಕಿತ್ತೆ. ಗಣಪನ ಜೊತೆ ಡ್ಯಾಶ್‌ಬೋರ್ಡಿನ ಚರ್ಮವೂ ನಾಲ್ಕಾಣೆ ಅಗಲ ಕಿತ್ತುಬಂತು.

ಮೂರು ವಾರಕ್ಕೆ ಬಿಲ್ಲು. ಅಲಾಯ್ ಚಕ್ರ ಮೂರಕ್ಕೆ ತಲಾ 95 ಪೌಂಡ್. ಹಿಂದಿನ ಬಂಪರ್ ಗೀರಿಗೆ 210. ಎಡಬಾಗಿಲಿನ ನಗ್ಗಿಗೆ 140. ಚಾರ್ಜಿಂಗ್ ಕೇಬಲ್ ಇಲ್ಲ ಅಂತ 190. ಗಣಪನ ಜಾಗಕ್ಕೆ 120. ಮುಂದಿನ ಗಾಜಿನಲ್ಲಿ ರಿಪೇರಿ ಮಾಡಿಸಿದ ಚಿಪ್‌ಗೆ (ಸಣ್ಣ ಸಿಡಿತ) 65. ಒಟ್ಟು 1,010.

ಆಮೇಲೆ ಕೂತು ನಿಯಮ ಓದಿದೆ. ಇಲ್ಲಿ ಲೀಸ್ ಕಂಪನಿಗಳ ಸಂಘ ಬಿವಿಆರ್‌ಎಲ್‌ಎ, ಯಾವುದು ಸಹಜ ಸವೆತ, ಯಾವುದಕ್ಕೆ ದುಡ್ಡು ಅಂತ ಒಂದು ಕೈಪಿಡಿ ಮಾಡಿದೆ. ನಮ್ಮ ತಲೆಯಲ್ಲಿ ಸಹಜ ಸವೆತ ಅಂದರೆ ಬೆಂಗಳೂರಿನ ಲೆಕ್ಕ: ಓಡಿಸಿದ ಗಾಡಿ ಅಂದಮೇಲೆ ನಾಲ್ಕು ಗೀರು ಇರಲ್ವಾ, ಆಟೋದವನು ಉಜ್ಜಿಕೊಂಡು ಹೋದರೂ ಕೈಯಲ್ಲಿ ಒರೆಸಿ ಮುಂದೆ ಹೋಗ್ತೀವಿ. ಅವರದು ಮಿಲಿಮೀಟರ್ ಲೆಕ್ಕ. ಬಣ್ಣದ ಕೆಳಗಿನ ತಳಲೇಪ (ಪ್ರೈಮರ್) ಕಾಣದ ಗೀರಾದರೆ 25 ಮಿ.ಮೀ.ವರೆಗೆ ಮಾಫಿ. ಬಣ್ಣ ಒಡೆಯದ ನಗ್ಗು 15 ಮಿ.ಮೀ.ವರೆಗೆ, ಅದೂ ಒಂದು ಪ್ಯಾನೆಲ್‌ಗೆ ಎರಡೇ. ಚಕ್ರದ ಅಂಚಿನ ತರಚು ಒಟ್ಟು ಸೇರಿ 50 ಮಿ.ಮೀ. ನನ್ನ ಎಡಗಡೆಯ ಎರಡೂ ಚಕ್ರ ಫುಟ್‌ಪಾತಿನ ಕಲ್ಲಿಗೆ ಉಜ್ಜಿ ಉಜ್ಜಿ ಜೋಳದ ರೊಟ್ಟಿಯ ಅಂಚಿನ ಹಾಗಾಗಿದ್ದವು. ಬಲಗಡೆಯದು ಹೇಗಾಯಿತೋ ಗೊತ್ತಿಲ್ಲ. ನನಗೆ ಅನುಮಾನ ಇದೆ, ಮನೆಯಲ್ಲಿ ಕೇಳುವ ಧೈರ್ಯ ಇಲ್ಲ.

ಬಂದಾಗಲೇ ಹಾಗಿತ್ತು ಅಂತ ವಾದಿಸೋಣ ಅಂತ ಮೊದಲ ದಿನದ ಫೋಟೋ ಹುಡುಕಿದೆ. ಪೂಜೆ ಮಾಡಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಒಂದೊಂದನ್ನೂ ಹತ್ತಿರದಿಂದ ತೆಗೆದ ಫೋಟೋಗಳು. ನಿಂಬೆಹಣ್ಣಿನ ಹಿಂದೆ ನಾಲ್ಕೂ ಚಕ್ರ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಆ ಫೋಟೋ ಯಾರಿಗೂ ಕಳಿಸಲಿಲ್ಲ. ಹಿಂದಿನ ಬಂಪರಿನದು ಒಂದೂ ಇರಲಿಲ್ಲ. ಆ ಗೀರು ನಾನು ಮಾಡಿದ್ದಲ್ಲ ಅಂತ ಇವತ್ತಿಗೂ ಅನ್ನಿಸುತ್ತೆ, ಆದರೆ ಸಾಕ್ಷಿ ಎಲ್ಲಿ?

ಎರಡು ಕಡೆ ಗೆದ್ದೆ. ಅವರೇ ಕಳಿಸಿದ ಫೋಟೋದಲ್ಲಿ ನಗ್ಗಿನ ಪಕ್ಕ ಅಳತೆಪಟ್ಟಿ ಇತ್ತು: 12 ಮಿ.ಮೀ., ಬಣ್ಣ ಸರಿಯಾಗೇ ಇದೆ. ಗಾಜಿನ ಚಿಪ್ ಡ್ರೈವರ್ ದೃಷ್ಟಿಗೆ ಅಡ್ಡ ಬರದ ಜಾಗದಲ್ಲಿ ಇದ್ದು, ಸರಿಯಾಗಿ ರಿಪೇರಿ ಆಗಿದ್ದರೆ ದುಡ್ಡು ಕೇಳುವ ಹಾಗಿಲ್ಲ. ಕೈಪಿಡಿಯ ಸಾಲನ್ನೇ ಎತ್ತಿ ಬರೆದೆ, ನಾಲ್ಕು ದಿನದಲ್ಲಿ 205 ಪೌಂಡ್ ಕಡಿಮೆ ಮಾಡಿದರು. ಜಗಳ ಆಡಿದ ಉಳಿದ ಮೂರು ಮೇಲ್‌ಗಳಿಗೆ ಉತ್ತರವೇ ಇಲ್ಲ. ಹಾಗಾಗಿ ಫೋಟೋ ಇಲ್ಲದ ಬಿಲ್ಲನ್ನು ಒಪ್ಪಬೇಡಿ, ಪ್ರತಿ ಐಟಂಗೂ ಅಳತೆ ಇರುವ ಫೋಟೋ ಕೇಳಿ. ಆಮೇಲೂ ಮಣಿಯದಿದ್ದರೆ ಸ್ವತಂತ್ರ ಎಂಜಿನಿಯರ್‌ಗೆ ತೋರಿಸಿ ಅನ್ನಬಹುದು, ಲೀಸ್ ಕಂಪನಿ ಬಿವಿಆರ್‌ಎಲ್‌ಎ ಸದಸ್ಯನಾಗಿದ್ದರೆ ಆ ಸಂಘಕ್ಕೂ ದೂರು ಕೊಡಬಹುದು. ನಾನು ಅಷ್ಟು ದೂರ ಹೋಗಲಿಲ್ಲ, ಕಾರು ಅಷ್ಟರಲ್ಲಿ ಹರಾಜಿಗೆ ಹೋಗಿತ್ತು.

ಕೈಪಿಡಿಯಲ್ಲೇ ಇನ್ನೊಂದು ಮಾತಿದೆ: ಕೊಡುವ ದಿನಕ್ಕೆ 10–12 ವಾರ ಮೊದಲೇ ಕಾರು ತೊಳೆದು, ಒಣಗಿಸಿ, ಒಳ್ಳೇ ಬೆಳಕಿನಲ್ಲಿ ನೀವೇ ನೋಡಿಕೊಳ್ಳಿ, ಒದ್ದೆ ಕಾರಿನಲ್ಲಿ ಗೀರು ಕಾಣಲ್ಲ ಅಂತ. ನನ್ನ ಕಾರು ಆ ದಿನ ತೊಪ್ಪೆಯಾಗಿತ್ತು. ಮನೆ ಬಾಗಿಲಿಗೇ ಬಂದು ಚಕ್ರ ಸರಿಮಾಡುವವರು ನನಗೆ ಹೇಳಿದ ರೇಟು ಒಂದಕ್ಕೆ 70. ಆದರೆ ಕಂಡಕಂಡವರ ಹತ್ತಿರ ಬಂಪರಿಗೆ ಬಣ್ಣ ಹೊಡೆಸಬೇಡಿ. ಬಣ್ಣ ಹೊಂದದಿದ್ದರೆ ಆ ರಿಪೇರಿಗೂ ಸೇರಿಸಿ ಬಿಲ್ ಹಾಕ್ತಾರೆ. ಚಿಕ್ಕಪುಟ್ಟದ್ದನ್ನು ಹಾಗೇ ಬಿಟ್ಟು ದುಡ್ಡು ಕಟ್ಟುವುದೇ ಕೆಲವು ಸಲ ಅಗ್ಗ. ಎರಡನೇ ಕೀ, ಸರ್ವಿಸ್ ದಾಖಲೆ, ಕೇಬಲ್ ಮೂರನ್ನೂ ಡಿಕ್ಕಿಯಲ್ಲಿಟ್ಟು ಅದರ ಫೋಟೋ ತೆಗೆಯಿರಿ.

ಕೇಬಲ್ ಜನವರಿಯಲ್ಲಿ ಸಿಕ್ಕಿತು, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಗೌರಿ ಹಬ್ಬದ ಡಬ್ಬದ ಹಿಂದೆ. ಈಗ ತಗೊಳ್ಳೋಕಾಗಲ್ಲ ಅಂದರು. ರೆಡಿಂಗ್ ಸುತ್ತಮುತ್ತ ಯಾರಿಗಾದರೂ ಟೈಪ್ 2 ಕೇಬಲ್ ಬೇಕಿದ್ದರೆ ಹೇಳಿ, 190 ಕೇಳಲ್ಲ.