ಅಂತ್ಯ ಗೊತ್ತಿದ್ದರೂ ಬಿಡದೆ ಓದಿಸುವ ಕಾದಂಬರಿಕಾರ: ಫ್ರೆಡರಿಕ್ ಫೋರ್ಸೈತ್ ಮತ್ತು ನಮ್ಮ ಓದುಗರು

‘ದಿ ಡೇ ಆಫ್ ದಿ ಜಾಕಲ್’ ಕಾದಂಬರಿಯನ್ನು ಕೈಗೆತ್ತಿಕೊಳ್ಳುವವರಿಗೆ ಅದರ ಅಂತ್ಯ ಮೊದಲೇ ಗೊತ್ತಿರುತ್ತದೆ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಶಾರ್ಲ್ ಡಿ ಗಾಲ್ ಯಾವ ಹಂತಕನ ಗುಂಡಿಗೂ ಬಲಿಯಾಗಲಿಲ್ಲ; 1970ರ ನವೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ತೀರಿಕೊಂಡರು. ಹಾಗಿರುವಾಗ, 1963ರಲ್ಲಿ ಅವರನ್ನು ಕೊಲ್ಲಲು ಗೊತ್ತುಮಾಡಲಾದ, ‘ಜಾಕಲ್’ ಎಂಬ ಗುಪ್ತನಾಮದ ಬಾಡಿಗೆ ಹಂತಕನೊಬ್ಬನ ಕಥೆಯನ್ನು ಯಾರು ಓದುತ್ತಾರೆ ಎಂಬ ಅನುಮಾನದಿಂದ ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಕೆಲಸವಿಲ್ಲದೆ, ಕೈಯಲ್ಲಿ ಹಣವಿಲ್ಲದೆ ಕುಳಿತಿದ್ದ ಪತ್ರಕರ್ತ ಫೋರ್ಸೈತ್ ಅದನ್ನು ಬರೆದು ಮುಗಿಸಿದ್ದು ಕೇವಲ 35 ದಿನಗಳಲ್ಲಿ. 1971ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಮರುವರ್ಷವೇ ಪತ್ತೇದಾರಿ ಸಾಹಿತ್ಯಕ್ಕೆ ಕೊಡುವ ಅಮೆರಿಕದ ಎಡ್ಗರ್ ಪ್ರಶಸ್ತಿ ಬಂದಿತು. ಇಂದಿಗೂ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅದರ ಪ್ರತಿ ಸುಲಭವಾಗಿ ಸಿಗುತ್ತದೆ.

2025ರ ಜೂನ್ ತಿಂಗಳಿನಲ್ಲಿ ಫೋರ್ಸೈತ್ ನಿಧನರಾದ ನಂತರ, ಬಸವನಗುಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಬಳಗ ಈ ಕಾದಂಬರಿಯನ್ನು ಚರ್ಚೆಗೆ ಆರಿಸಿಕೊಂಡಿತು. ಬಳಗದ ಹಿರಿಯರಲ್ಲಿ ಹೆಚ್ಚಿನವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಕನ್ನಡದಲ್ಲಿ ಒಂದು ದೊಡ್ಡ ಓದುಗವರ್ಗವನ್ನೇ ಹುಟ್ಟುಹಾಕಿದವರು. ಆ ಓದಿನ ರೂಢಿಯಲ್ಲಿ ಕೊಲೆಗಾರ ಯಾರೆಂಬುದು ಕೊನೆಯ ಪುಟದವರೆಗೂ ಗುಟ್ಟಾಗಿರಬೇಕು. ಫೋರ್ಸೈತ್ ಆ ಗುಟ್ಟನ್ನು ಆರಂಭದಲ್ಲಿಯೇ ಬಿಟ್ಟುಕೊಡುತ್ತಾರೆ. ಕೊಲ್ಲುವವನು ಯಾರು, ಯಾರ ಪರವಾಗಿ, ಎಷ್ಟು ಹಣಕ್ಕೆ ಎಂಬುದೆಲ್ಲ ಮೊದಲ ಕೆಲವು ಅಧ್ಯಾಯಗಳಲ್ಲಿಯೇ ತಿಳಿದುಹೋಗುತ್ತದೆ. ಉಳಿಯುವುದು ‘ಹೇಗೆ’ ಎಂಬ ಒಂದೇ ಪ್ರಶ್ನೆ. ಇಡೀ ಪುಸ್ತಕವನ್ನು ಆ ಪ್ರಶ್ನೆಯ ಮೇಲೆ ನಿಲ್ಲಿಸಿದ್ದೇ ಈ ಲೇಖಕರ ದೊಡ್ಡ ಸಾಧನೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬಹುದು. ಬ್ರಸೆಲ್ಸ್‌ನ ಕುಶಲಕರ್ಮಿಯೊಬ್ಬನಿಂದ ಮಾಡಿಸಿಕೊಂಡ ರೈಫಲ್ ಹಿಡಿದು ಜಾಕಲ್ ಆರ್ಡೆನ್ಸ್ ಕಾಡಿಗೆ ಹೋಗುತ್ತಾನೆ. ಮರವೊಂದಕ್ಕೆ ಕಲ್ಲಂಗಡಿ ಜಾತಿಯ ಹಣ್ಣೊಂದನ್ನು ತೂಗುಹಾಕಿ, ಅಳೆದ ದೂರದಲ್ಲಿ ನಿಂತು ಗುಂಡು ಹಾರಿಸುತ್ತಾನೆ. ಹತ್ತಿರ ಹೋಗಿ ಗುಂಡು ಎಲ್ಲಿ ತಗುಲಿತೆಂದು ನೋಡುತ್ತಾನೆ. ದೂರದರ್ಶಕದ ತಿರುಪನ್ನು ತುಸುವೇ ತಿರುಗಿಸಿ ಮತ್ತೆ ಹಾರಿಸುತ್ತಾನೆ. ಈ ಭಾಗದಲ್ಲಿ ಮಾತಿಲ್ಲ, ಉದ್ವೇಗವಿಲ್ಲ, ಒಂದು ಅಲಂಕಾರವೂ ಇಲ್ಲ. ಗುರಿ ಸರಿಹೋಯಿತೆಂದು ಖಾತ್ರಿಯಾದ ಮೇಲೆ ಕೊನೆಯದಾಗಿ ಸಿಡಿಗುಂಡನ್ನು ಹಾರಿಸಿದಾಗ ಹಣ್ಣು ಛಿದ್ರವಾಗುತ್ತದೆ. ಆ ಕ್ಷಣದಲ್ಲಿ ಓದುಗನಿಗೆ ಡಿ ಗಾಲ್ ಅವರ ತಲೆಯೇ ಕಣ್ಣಮುಂದೆ ಬರುತ್ತದೆ. ಭಯವನ್ನು ವರ್ಣಿಸದೆ ಕೆಲಸವನ್ನಷ್ಟೇ ವರ್ಣಿಸಿ ಭಯ ಹುಟ್ಟಿಸುವುದು ಎಂದರೆ ಇದು. ಆ ರೈಫಲನ್ನು ಅವನು ಯಾವುದರೊಳಗೆ ಬಚ್ಚಿಟ್ಟು ಪ್ಯಾರಿಸ್ಸಿಗೆ ಸಾಗಿಸುತ್ತಾನೆ ಎಂಬುದನ್ನು ಹೊಸ ಓದುಗರಿಗಾಗಿ ಇಲ್ಲಿ ಹೇಳುವುದಿಲ್ಲ.

ನಮ್ಮ ಬಳಗದ ಸದಸ್ಯರು ತಮ್ಮ ತಮ್ಮ ವೃತ್ತಿಯ ಕಣ್ಣಿನಿಂದಲೇ ಈ ಪುಸ್ತಕವನ್ನು ಓದಿದ್ದು ನನಗೆ ಬಹಳ ಸ್ವಾರಸ್ಯಕರವಾಗಿ ಕಂಡಿತು. ರಾಜಾಜಿನಗರದಿಂದ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹಣದ ಹರಿವನ್ನು ಹಿಡಿದು ಮಾತನಾಡಿದರು: ಜಾಕಲ್ ಕೇಳುವುದು ಐದು ಲಕ್ಷ ಡಾಲರ್, ಅದರಲ್ಲಿ ಅರ್ಧ ಮುಂಗಡ, ಅದನ್ನು ಹೊಂದಿಸಲು, ಅವನನ್ನು ಗೊತ್ತುಮಾಡಿದ ಓಎಎಸ್ ಎಂಬ ರಹಸ್ಯ ಸಂಘಟನೆ ಫ್ರಾನ್ಸಿನ ಉದ್ದಗಲಕ್ಕೂ ದರೋಡೆ ಮಾಡಿಸುತ್ತದೆ, ಆ ದರೋಡೆಗಳೇ ಪೊಲೀಸರ ಕಿವಿ ನಿಮಿರುವಂತೆ ಮಾಡುತ್ತವೆ. ಸಂಚಿಗೆ ಬೇಕಾದ ಹಣವೇ ಸಂಚಿನ ಸುಳಿವನ್ನೂ ಕೊಡುವ ಈ ಹೆಣಿಗೆ ಅವರಿಗೆ ಕಾದಂಬರಿಯಲ್ಲೇ ಅತ್ಯಂತ ಮೆಚ್ಚುಗೆಯಾದ ಭಾಗ. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಭದ್ರತೆಯ ಕೆಲಸ ಮಾಡುವ ಯುವತಿಯ ಗಮನ ಹೋದದ್ದು ಪಾಸ್‌ಪೋರ್ಟಿನ ಕಡೆಗೆ. ಎಳವೆಯಲ್ಲೇ ತೀರಿಕೊಂಡ ಮಗುವಿನ ಹೆಸರನ್ನು ಸ್ಮಶಾನದ ಕಲ್ಲಿನಲ್ಲಿ ಹುಡುಕಿ, ಅದರ ಜನನ ಪ್ರಮಾಣಪತ್ರದ ನಕಲು ತರಿಸಿ, ಆ ಹೆಸರಿನಲ್ಲಿ ಅಸಲಿ ಪಾಸ್‌ಪೋರ್ಟನ್ನೇ ಪಡೆಯುವ ಉಪಾಯ ಲೇಖಕರ ಕಲ್ಪನೆಯಲ್ಲ; ಬ್ರಿಟಿಷ್ ವ್ಯವಸ್ಥೆಯಲ್ಲಿ ನಿಜವಾಗಿಯೂ ಇದ್ದ ಲೋಪ ಅದು. ಕಾದಂಬರಿ ಲಕ್ಷಾಂತರ ಜನರ ಕೈ ಸೇರಿದ ಮೇಲೂ ದಶಕಗಳ ಕಾಲ ಆ ಲೋಪ ಹಾಗೆಯೇ ಉಳಿದಿತ್ತು ಎಂದು ತಿಳಿದಾಗ ಆಕೆಗಾದ ಅಚ್ಚರಿ ನಮ್ಮೆಲ್ಲರದೂ ಆಯಿತು.

ಚರ್ಚೆ ನಿಜವಾಗಿ ಬಿಸಿಯೇರಿದ್ದು ಬೇರೊಂದು ವಿಷಯಕ್ಕೆ. ಓದುತ್ತಾ ಓದುತ್ತಾ ತಾವು ಜಾಕಲ್ ಸಿಕ್ಕಿಬೀಳದಿರಲಿ ಎಂದು ಬಯಸತೊಡಗಿದ್ದಾಗಿ ಹಿರಿಯ ಸದಸ್ಯೆಯೊಬ್ಬರು ಕಳವಳದಿಂದಲೇ ಹೇಳಿದರು. ಅವನು ದಾರಿಯಲ್ಲಿ ತೊಡಕಾದವರನ್ನು ನಿರ್ಭಾವದಿಂದ ಕೊಲ್ಲುತ್ತಾನೆ. ಅವನ ಹೆಸರಾಗಲಿ, ಬಾಲ್ಯವಾಗಲಿ, ನೋವಾಗಲಿ ನಮಗೆ ಗೊತ್ತಾಗುವುದೇ ಇಲ್ಲ. ಆದರೂ ಗಡಿ ದಾಟುವಾಗ ನಮ್ಮ ಎದೆ ಅವನಿಗಾಗಿ ಹೊಡೆದುಕೊಳ್ಳುತ್ತದೆ. ಇದು ಕಾದಂಬರಿಯ ನೈತಿಕ ದೌರ್ಬಲ್ಯವೆಂದು ಕೆಲವರು ವಾದಿಸಿದರು. ನಾನು ಒಪ್ಪುವುದಿಲ್ಲ. ಎರಡನೆಯ ಭಾಗದಲ್ಲಿ ಪೊಲೀಸ್ ಅಧಿಕಾರಿ ಕ್ಲೋಡ್ ಲೆಬೆಲ್ ಬಂದ ಮೇಲೆ ಆ ತಕ್ಕಡಿ ನಿಧಾನವಾಗಿ ಇನ್ನೊಂದು ಕಡೆಗೆ ವಾಲುತ್ತದೆ. ಕುಳ್ಳಗಿನ, ಮನೆಯಲ್ಲಿ ಹೆಂಡತಿಯ ಮಾತು ಕೇಳಿಸಿಕೊಳ್ಳುವ, ಮೇಲಧಿಕಾರಿಗಳ ಎದುರು ತಗ್ಗಿ ಮಾತನಾಡುವ ಈ ಮನುಷ್ಯ ಜಾಕಲ್‌ನಷ್ಟೇ ತಾಳ್ಮೆಯಿಂದ ಕಡತ ತಿರುವುತ್ತಾನೆ, ದೂರವಾಣಿ ಕರೆ ಮಾಡುತ್ತಾನೆ, ನಿದ್ದೆಗೆಡುತ್ತಾನೆ. ಹಂತಕನನ್ನು ಹಿಡಿಯಲು ಸೇರುತ್ತಿದ್ದ ಗುಪ್ತ ಸಭೆಯ ಮಾಹಿತಿ ಸೋರುತ್ತಿದೆ ಎಂದು ಅರಿತ ಆತ ಯಾರ ದೂರವಾಣಿಯನ್ನು ಕದ್ದಾಲಿಸಬೇಕೆಂದು ತಿಳಿಯದೆ, ಆ ಸಭೆಯಲ್ಲಿ ಕುಳಿತ ಗಣ್ಯರೆಲ್ಲರ ದೂರವಾಣಿಗಳಿಗೂ ಕದ್ದಾಲಿಕೆ ಹಾಕಿಸಿದ್ದನ್ನು ಅವರೆದುರೇ ಸೌಮ್ಯವಾಗಿ ತಿಳಿಸುವ ಸನ್ನಿವೇಶವಿದೆ. ಈ ಲೇಖಕರಿಗೆ ಪಾತ್ರಸೃಷ್ಟಿ ಬರುವುದಿಲ್ಲ ಎನ್ನುವವರು ಅದನ್ನೊಮ್ಮೆ ಓದಬೇಕು.

ಆದರೆ ಸ್ತ್ರೀಪಾತ್ರಗಳ ಕುರಿತು ಬಂದ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಕಾದಂಬರಿಯ ಮಹಿಳೆಯರು ಕಥೆಗೆ ಒಂದು ತಿರುವು ಕೊಟ್ಟು ಮರೆಯಾಗುತ್ತಾರೆ. ಅವರ ಒಳಬದುಕಿಗೆ ಲೇಖಕರು ಗಮನವನ್ನೇ ಕೊಟ್ಟಿಲ್ಲ. ಮೊದಲ ಭಾಗದ ಅಲ್ಜೀರಿಯಾ ರಾಜಕೀಯವೂ ಆ ಇತಿಹಾಸದ ಪರಿಚಯವಿಲ್ಲದ ನಮ್ಮವರಿಗೆ ಭಾರವೆನಿಸುತ್ತದೆ. ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾಕ್ಕೆ ಡಿ ಗಾಲ್ 1962ರಲ್ಲಿ ಸ್ವಾತಂತ್ರ್ಯ ಒಪ್ಪಿದ್ದರಿಂದ ರೊಚ್ಚಿಗೆದ್ದ ಸೇನಾಧಿಕಾರಿಗಳ ಗುಂಪು, ಅಂದರೆ ಓಎಎಸ್, ಅವರನ್ನು ಮುಗಿಸಲು ಹೊರಟಿತ್ತು ಎಂಬಷ್ಟು ತಿಳಿದಿದ್ದರೆ ಮೊದಲ ಐವತ್ತು ಪುಟಗಳು ಸಲೀಸಾಗುತ್ತವೆ.

ಇನ್ನೂ ಒಂದು ಪುಸ್ತಕ ಓದಬೇಕೆನ್ನುವವರು ‘ದಿ ಒಡೆಸ್ಸಾ ಫೈಲ್’ (1972) ಆರಿಸಿಕೊಳ್ಳಲಿ. ಅದರ ಖಳನಾಯಕ ಎಡುವರ್ಡ್ ರೋಷ್ಮನ್ ನಿಜವಾಗಿಯೂ ಲಾಟ್ವಿಯಾದ ರಿಗಾ ನಗರದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದ (ಕೇರಿಯ) ಕಮಾಂಡೆಂಟ್ ಆಗಿದ್ದ ನಾಜಿ. ಕಾದಂಬರಿ ಹಾಗೂ 1974ರ ಚಲನಚಿತ್ರಗಳಿಂದ ಅವನ ಹೆಸರು ಲೋಕಕ್ಕೆಲ್ಲ ತಿಳಿಯಿತು. 1977ರಲ್ಲಿ ಅರ್ಜೆಂಟೀನಾದಿಂದ ಪರಾಗ್ವೆಗೆ ಓಡಿಹೋಗಿ ಅಲ್ಲಿಯೇ ಸತ್ತ. ‘ದಿ ಫೋರ್ತ್ ಪ್ರೋಟೋಕಾಲ್’ (1984) ಮತ್ತು ನಂತರದ ಪುಸ್ತಕಗಳಲ್ಲಿ ಮಾಹಿತಿಯ ರಾಶಿ ಕಥೆಯನ್ನು ಹಿಂದಕ್ಕೆ ತಳ್ಳುತ್ತದೆ, ಕೆಲವು ಅಧ್ಯಾಯಗಳು ಸರ್ಕಾರಿ ವರದಿಯಂತೆಯೇ ಇವೆ. ಅವುಗಳಿಗೆ ಆತುರವಿಲ್ಲ. ಕೊಳ್ಳುವಾಗ ಅಕ್ಷರದ ಗಾತ್ರವನ್ನು ನೋಡಿಕೊಳ್ಳಿ: ಹಳೆಯ ಕಿಸೆಗಾತ್ರದ ಪ್ರತಿಗಳು ಅಗ್ಗವಾಗಿದ್ದರೂ ಮುದ್ರಣ ತೀರಾ ಸಣ್ಣದು, ನಮ್ಮ ಬಳಗದ ಹಿರಿಯರಲ್ಲಿ ಹಲವರು ಕಡೆಗೆ ದೊಡ್ಡ ಅಕ್ಷರದ ಹೊಸ ಪ್ರತಿಯನ್ನೇ ತರಿಸಿಕೊಳ್ಳಬೇಕಾಯಿತು.