ಸ್ವಂತ ಶಿಲ್ಪವೆಂದು ಸ್ಕ್ಯಾನ್ ಮಾರುತ್ತಾರೆ, ಎಚ್ಚರ

ಸ್ಕೇಲ್ ಮಾದರಿಗಳಿಗಾಗಿ ಡಿಜಿಟಲ್ ಶಿಲ್ಪ ಮಾಡಿಸಲು ಹೊರಟಿರುವವರು ಪೂರ್ತಿ ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಹೆಗಲಿಗೆ ಬಂದೂಕು ನೇತುಹಾಕಿಕೊಂಡು ನಿಂತ ಸೈನಿಕನನ್ನು 1/16 ಅಳತೆಯಲ್ಲಿ, ಜೀಬ್ರಷ್ ಎಂಬ ಡಿಜಿಟಲ್ ಶಿಲ್ಪದ ತಂತ್ರಾಂಶದಲ್ಲಿ ಹೊಸದಾಗಿ ರೂಪಿಸಿಕೊಡುವುದಾಗಿ ಒಪ್ಪಿಕೊಂಡವರು ನನಗೆ ಕಳುಹಿಸಿದ್ದು ಬೇರೊಬ್ಬರ 1/35 ಅಳತೆಯ ರೆಸಿನ್ ಕಿಟ್‌ನ (ಅಚ್ಚಿನಲ್ಲಿ ರಾಳ ಎರೆದು ಮಾಡಿದ ಮಾದರಿಯ) ಮೂರು ಆಯಾಮದ ಸ್ಕ್ಯಾನ್.

ಮೊದಲು ಬಂದ ರೆಂಡರ್‌ಗಳು, ಅಂದರೆ ಕಂಪ್ಯೂಟರ್‌ನಲ್ಲಿ ಮೂಡಿಸಿದ ಆಕೃತಿಯ ಚಿತ್ರಗಳು, ಚೆನ್ನಾಗಿಯೇ ಇದ್ದವು. ಎಲ್ಲವೂ ಎದುರಿನಿಂದ ತೆಗೆದವು, ಎಲ್ಲವೂ ಮೆದು ಬೆಳಕಿನವು. ಹಣ ಸಂದಾಯವಾದ ಮೇಲೆ ಬಂದ ಎಸ್‌ಟಿಎಲ್ ಫೈಲನ್ನು (3ಡಿ ಮುದ್ರಣಕ್ಕೆ ಬಳಸುವ ಫೈಲ್) ತೆರೆದು, ಬೆಳಕನ್ನು ಪಕ್ಕಕ್ಕೆ ಸರಿಸಿ ಆಕೃತಿಯನ್ನು ತಿರುಗಿಸಿದಾಗ, ಕಂಕುಳಿನಿಂದ ಬೂಟಿನವರೆಗೆ ಸಣ್ಣದೊಂದು ಏಣು ಇಳಿದಿರುವುದು ಕಂಡಿತು. ಅದು ಅಚ್ಚಿನ ಎರಡು ಭಾಗಗಳು ಸೇರುವ ಗೆರೆ. ಅಚ್ಚನ್ನೇ ಕಾಣದ ಡಿಜಿಟಲ್ ಶಿಲ್ಪದಲ್ಲಿ ಅಚ್ಚಿನ ಗೆರೆ! ಮೊಣಕೈಯ ಬಳಿ ಎರಕದ ಗಾಳಿಗುಳ್ಳೆ ಬಿಟ್ಟ ಕುಳಿಯೂ ಇತ್ತು. ಬಂದೂಕಿನ ಪಟ್ಟಿಗೂ ಬೆನ್ನಿಗೂ ನಡುವಿನ ಸಂದು ಪೂರ್ತಿ ಮುಚ್ಚಿಹೋಗಿತ್ತು. ಸ್ಕ್ಯಾನರಿಗೆ ಕಾಣದ ಜಾಗವನ್ನು ತಂತ್ರಾಂಶ ಊಹೆಯಿಂದ ತುಂಬಿದರೆ ಆಗುವುದೇ ಇದು.

ಗುಂಡಿಗಳಂತೂ ಕರಗಿದ ಮೇಣದಂತಿದ್ದವು. ಸುಮಾರು 20 ಮಿ.ಮೀ. ಅಗಲದ ಗುಂಡಿ 1/35 ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚಷ್ಟೆ, ಸ್ಕ್ಯಾನರ್ 0.1 ಮಿ.ಮೀ. ತಪ್ಪಿದರೂ ಅದರ ಅಂಚು ಉಳಿಯುವುದಿಲ್ಲ. ಅಂಥ ಸ್ಕ್ಯಾನನ್ನು 1/16ಕ್ಕೆ, ಅಂದರೆ ಎರಡು ಪಟ್ಟಿಗೂ ಹೆಚ್ಚು ಹಿಗ್ಗಿಸಿದ್ದರಿಂದ ಗೆರೆ, ಕುಳಿ, ಮಸುಕು ಎಲ್ಲವೂ ಅಷ್ಟೇ ಪಟ್ಟು ಹಿಗ್ಗಿದ್ದವು.

ಕೇಳಿದರೆ ಮೊದಲ ಉತ್ತರ: "ಸರ್, ಪ್ರಿಂಟ್ ಆದ ಮೇಲೆ ಅದು ಕಾಣುವುದಿಲ್ಲ, ಉಜ್ಜುಕಾಗದದಿಂದ ಉಜ್ಜಿಬಿಡಿ." ಗೆರೆ ಎಲ್ಲಿಂದ ಬಂತೆಂದು ಮತ್ತೆ ಕೇಳಿದೆ. "ಆಕರಕ್ಕಾಗಿ ಮಾತ್ರ ಸ್ಕ್ಯಾನ್ ಬಳಸಿದ್ದೇನೆ, ಈಗ ಎಲ್ಲರೂ ಹಾಗೆಯೇ ಮಾಡುತ್ತಾರೆ." ದೇಹ, ಉಡುಪು, ಬಂದೂಕು ಎಲ್ಲವೂ ಒಂದೇ ಚರ್ಮದಂತೆ ಅಂಟಿಕೊಂಡಿವೆಯಲ್ಲ ಎಂದದ್ದಕ್ಕೆ, ಮುದ್ರಣಕ್ಕೆ ಸಿದ್ಧಪಡಿಸುವಾಗ ಎಲ್ಲವನ್ನೂ ಒಂದಾಗಿಸುವುದು ವಾಡಿಕೆಯೆಂದರು. ಅದು ನಿಜವೇ, ಆದ್ದರಿಂದಲೇ ಭಾಗಗಳು ಬೇರೆಬೇರೆಯಾಗಿರುವ ಮೂಲ ಜೀಬ್ರಷ್ ಫೈಲನ್ನು ಒಮ್ಮೆ ತೋರಿಸಿ, ಕೊಡುವುದು ಬೇಡ ಎಂದೆ. "ಅದು ನನ್ನ ವೃತ್ತಿಯ ಗುಟ್ಟು. ಫೈಲ್ ತಲುಪಿದೆ, ಹಣ ಮರಳುವುದಿಲ್ಲ." ಇದೇ ಕೊನೆಯ ಉತ್ತರ. ಒಂದು ಕ್ಷಮೆಯ ಮಾತೂ ಇಲ್ಲ.

ಅಷ್ಟರಲ್ಲಿ ಆ ರೆಂಡರ್‌ಗಳನ್ನು ಗೆಳೆಯರಿಗೆಲ್ಲ ಹೆಮ್ಮೆಯಿಂದ ತೋರಿಸಿದ್ದೆ. ಅವರಲ್ಲೊಬ್ಬರು ತಮ್ಮ ಬಳಿಯಿದ್ದ 1/35ರ ಹಳೆಯ ಕಿಟ್ ತಂದು ಪಕ್ಕದಲ್ಲಿಟ್ಟರು. ಮಂಡಿಯ ಹಿಂದಿನ ನೆರಿಗೆಯೂ ಅದೇ, ಮೊಣಕೈಯ ಕುಳಿಯೊಂದನ್ನು ಬಿಟ್ಟರೆ ಎಲ್ಲವೂ ಅದೇ. ತಲೆಯೆತ್ತಲು ನಾಚಿಕೆಯಾಯಿತು. ಮತ್ತೊಬ್ಬ ಶಿಲ್ಪಿಯ ಶ್ರಮವನ್ನು ಕದ್ದವರು ಆ ಕಳವನ್ನು ನನ್ನ ಕೈಯಿಂದಲೇ ಪ್ರದರ್ಶನಕ್ಕಿಡಿಸುತ್ತಿದ್ದರು.

ಕೆಲಸ ಒಪ್ಪಿಸುವವರು ಬರೀ ಮೈಯ ಭಂಗಿಯಿಂದ ಉಡುಪಿನವರೆಗೆ ಪ್ರತಿ ಹಂತದ ಚಿತ್ರವನ್ನೂ ಕೇಳಿ, ಹಿಂಬದಿಯಿಂದಲೂ ಅಡ್ಡ ಬೆಳಕಿನಲ್ಲೂ ಕೇಳಿ. ಮೂಲ ಫೈಲ್ ತೋರಿಸಲು ಹಿಂಜರಿಯುವವರಿಗೆ ಕೊನೆಯ ಕಂತು ಕೊಡಬೇಡಿ. ಸ್ಕ್ಯಾನ್ ಬಳಸುವುದು ತಪ್ಪಲ್ಲ, ಆದರೆ ಯಾವುದನ್ನು ಸ್ಕ್ಯಾನ್ ಮಾಡಿದ್ದಾರೆಂದು ಬರಹದಲ್ಲಿ ಪಡೆಯಿರಿ. ನನಗೆ ಹಣ ಮರಳಿಲ್ಲ. ಕಿಟ್‌ನ ಮೂಲ ತಯಾರಕರಿಗೆ ಎರಡರ ಚಿತ್ರಗಳನ್ನೂ ಕಳುಹಿಸಿದ್ದೇನೆ. ಅದೇ ಸೈನಿಕನನ್ನು ಆ ಮಾರಾಟಗಾರರು ಇಂದಿಗೂ ಸ್ವಂತ ಶಿಲ್ಪವೆಂದೇ ಮಾರುತ್ತಿದ್ದಾರೆ.